ವಿಂಡೋಸ್ ಮೇಲೆ ಈಮ್ಯಾಕ್ಸ್, ಅದರಲ್ಲೂ ಕನ್ನಡಕ್ಕೆ

ಲ್ಯಾಬಿನಲ್ಲಿ ಲಿನಕ್ಸ್, ರೂಮಿನಲ್ಲಿ ವಿಂಡೋಸ್. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಬಹಳ ಮಂದಿಯ ಪಾಡು ಇದು. ಲ್ಯಾಬಿನಲ್ಲಿ ಕೈಗೆ ಕೂತ ಈಮ್ಯಾಕ್ಸ್ ಎಂಬ ಪಠ್ಯ ಎಡಿಟರ್ ವಿಂಡೋಸ್‌ನಲ್ಲೂ ಚೆನ್ನಾಗಿಯೇ ಓಡುತ್ತದೆ. ಎಡವುವುದು ಕೆಲವೇ ಕಡೆ, ಆದರೆ ಎಲ್ಲರೂ ಎಡವುವುದು ಅಲ್ಲೇ.

ಈಮ್ಯಾಕ್ಸ್ ಹೊರತರುವ ಗ್ನೂ ಯೋಜನೆಯ ತಾಣದಲ್ಲಿ ವಿಂಡೋಸ್‌ಗೆಂದೇ ಇನ್‌ಸ್ಟಾಲರ್ ಇದೆ, ಜಿಪ್ ಕೂಡ ಇದೆ. 2020ರಲ್ಲಿ ಬಂದ 27ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದೇ ಇರಲಿ. ಹಾರ್ಫ್‌ಬಝ್ ಸೇರಿದ್ದು ಅದರಲ್ಲಿ, ಒತ್ತಕ್ಷರ ಜೋಡಿಸುವ ಕೆಲಸ ಅದರದ್ದು. ಜಿಪ್ ಬಿಚ್ಚಿದವರು ಬಿನ್ ಫೋಲ್ಡರಿನ 'ರನ್‌ಈಮ್ಯಾಕ್ಸ್'ಗೆ ಶಾರ್ಟ್‌ಕಟ್ ಮಾಡಿಕೊಳ್ಳಿ. ಬರೀ 'ಈಮ್ಯಾಕ್ಸ್' ಒತ್ತಿದರೆ ಹಿಂದೆ ಒಂದು ಕಪ್ಪು ಕಿಟಕಿ ನೇತಾಡುತ್ತದೆ, ಅದನ್ನು ಮುಚ್ಚಿದರೆ ಎಡಿಟರೂ ಹೋಗುತ್ತದೆ.

ಮೊದಲು ಕೈಕೊಡುವುದು ಹೋಮ್, ಅಂದರೆ ನಿಮ್ಮ ಸೆಟ್ಟಿಂಗ್ ಫೈಲು ಇರುವ ಫೋಲ್ಡರು. ಲಿನಕ್ಸ್ ಸೇರಿದ ಯೂನಿಕ್ಸ್ ಬಳಗದಲ್ಲಿ ಟಿಲ್ಡೆ (~) ಎಂದರೆ ನಿಮ್ಮ ಮನೆ, ಅದರಲ್ಲಿ ಅನುಮಾನವಿಲ್ಲ. ವಿಂಡೋಸ್‌ನಲ್ಲಿ ಹೋಮ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ನೋಡಿಕೊಳ್ಳುವ ವಿಂಡೋಸ್ ಸೆಟ್ಟಿಂಗ್) ಇಲ್ಲದಿದ್ದರೆ ಈಮ್ಯಾಕ್ಸ್ ಆಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರನ್ನೇ ಮನೆ ಎಂದುಕೊಳ್ಳುತ್ತದೆ. ಅದೇ ಎಡಿಟರನ್ನು ಗಿಟ್ ಜೊತೆ ಬರುವ ಕಮಾಂಡ್ ಕಿಟಕಿಯಾದ ಗಿಟ್ ಬ್ಯಾಷ್ ಒಳಗಿಂದ ತೆರೆಯಿರಿ: ಬ್ಯಾಷ್ ತಾನೇ ಹೋಮ್ ಹೊಂದಿಸಿರುತ್ತದೆ, ಯೂಸರ್ಸ್ ಒಳಗಿನ ನಿಮ್ಮ ಹೆಸರಿನ ಫೋಲ್ಡರಿಗೆ. ಹೀಗೆ ಎರಡು ಮನೆ, ಎರಡು ಸೆಟ್ಟಿಂಗ್ ಫೈಲು. 'ನಿನ್ನೆ ಹಾಕಿದ ಥೀಮ್ ಇವತ್ತು ಇಲ್ಲ' ಎಂಬ ದೂರಿನ ಮೂಲ ಬಹುಪಾಲು ಇದೇ. ಸ್ಟಾರ್ಟ್ ಮೆನುವಿನಲ್ಲಿ 'ಎನ್ವಿರಾನ್ಮೆಂಟ್' ಎಂದು ಹುಡುಕಿ, ನಿಮ್ಮ ಅಕೌಂಟಿನ ಪಟ್ಟಿಯಲ್ಲಿ ಹೋಮ್ ಎಂಬ ಹೊಸ ಸಾಲು ಸೇರಿಸಿ, ಯೂಸರ್ಸ್ ಒಳಗಿನ ಫೋಲ್ಡರಿನ ಪೂರ್ತಿ ದಾರಿ ಕೊಡಿ. ರೋಮಿಂಗ್‌ನಲ್ಲಿರುವ 'ಡಾಟ್ ಈಮ್ಯಾಕ್ಸ್ ಡಾಟ್ ಡಿ' (.emacs.d) ಎಂಬ ಸೆಟ್ಟಿಂಗ್ ಫೋಲ್ಡರನ್ನು ಅಲ್ಲಿಗೆ ಎತ್ತಿಹಾಕಿ. ಈಮ್ಯಾಕ್ಸ್ ಇದನ್ನು ಓದುವುದು ಶುರುವಾಗುವಾಗ ಮಾತ್ರ, ಹಾಗಾಗಿ ಮುಚ್ಚಿ ತೆರೆಯಬೇಕು.

ಇನ್ನು ಕನ್ನಡ. ಆಪ್ಷನ್ಸ್ ಮೆನುವಿನ ಮಲ್ಟಿಲಿಂಗ್ವಲ್ ಎನ್ವಿರಾನ್ಮೆಂಟ್ ಒಳಗೆ ಭಾಷೆ ಆರಿಸುವ ಜಾಗ ಇದೆ. ಇಂಡಿಯನ್ ಪಟ್ಟಿಯಿಂದ ಕನ್ನಡ ಆರಿಸಿ, ಸೇವ್ ಆಪ್ಷನ್ಸ್ ಒತ್ತಿ. ಇದರಿಂದ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಪದ್ಧತಿ) ಯುಟಿಎಫ್-8 ಆಗುತ್ತದೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕನ್ನಡ-ಐಟ್ರಾನ್ಸ್ ಎಂಬ ಟೈಪಿಂಗ್ ವಿಧಾನವೂ ಸಿದ್ಧವಾಗುತ್ತದೆ. ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ತುಮಕೂರು ಎಂದು ಬರೆಯಲು ಟಿ, ಯು, ಎಂ, ಎ, ಕೆ, ದೊಡ್ಡಕ್ಷರದ ಯು, ಆರ್, ಯು. ಯಾವ ಅಕ್ಷರಕ್ಕೆ ಯಾವ ಕೀ ಎಂಬ ಪೂರ್ತಿ ಪಟ್ಟಿ ಕಂಟ್ರೋಲ್-ಎಚ್ ನಂತರ ದೊಡ್ಡಕ್ಷರದ ಐ ಒತ್ತಿದರೆ ಸಿಗುತ್ತದೆ. ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ರೂಢಿಯಾದವರಿಗೆ ಕನ್ನಡ-ಇನ್‌ಸ್ಕ್ರಿಪ್ಟ್ ಕೂಡ ಒಳಗೇ ಇದೆ.

ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆಯಲ್ಲ, ಇದೇಕೆ ಎನ್ನಬಹುದು. ಆ ಕೀಬೋರ್ಡ್ ಹಾಕಿಕೊಂಡಾಗ ಹೆಸರು ಹೇಳಿ ಕಮಾಂಡ್ ಕರೆಯುವ ಆಲ್ಟ್-ಎಕ್ಸ್ ಒತ್ತಿದರೆ ಈಮ್ಯಾಕ್ಸ್‌ಗೆ ತಲುಪುವುದು ಎಕ್ಸ್ ಅಲ್ಲ, ಆ ಕೀ ಮೇಲಿರುವ ಕನ್ನಡದ ಚಿಹ್ನೆ. 'ಅನ್‌ಡಿಫೈನ್ಡ್' ಎಂದು ಕೆಳಗೆ ಬರುತ್ತದೆ. ಈಮ್ಯಾಕ್ಸ್‌ನದೇ ವಿಧಾನ ಬರೀ ಅಕ್ಷರಗಳನ್ನು ಬದಲಿಸುತ್ತದೆ, ಕಮಾಂಡುಗಳನ್ನು ಮುಟ್ಟುವುದಿಲ್ಲ. ವಿಂಡೋಸ್ ಕೀಬೋರ್ಡು ಇಂಗ್ಲಿಷ್‌ನಲ್ಲೇ ಇರಲಿ. ಎಡಗಡೆಯ ಆಲ್ಟ್-ಶಿಫ್ಟ್‌ಗೆ ಭಾಷೆ ಬದಲಿಸುವ ಕೆಲಸ ಕೊಟ್ಟಿದ್ದರೆ ಅದನ್ನೂ ತೆಗೆದುಬಿಡಿ: ಫೈಲಿನ ತಲೆಗೋ ಬುಡಕ್ಕೋ ಹಾರುವ ಕಮಾಂಡಿಗೆ ಅವೆರಡೂ ಕೀ ಬೇಕು.

ಅಕ್ಷರದ ಬದಲು ಡಬ್ಬಿ ಕಂಡರೆ, ಅಥವಾ ಒತ್ತು ಪಕ್ಕಕ್ಕೆ ಬಿದ್ದರೆ, ಆ ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಸಮ ಚಿಹ್ನೆ ಒತ್ತಿ. ಯಾವ ಫಾಂಟ್, ಜೋಡಿಸಿದ್ದು ಹಾರ್ಫ್‌ಬಝ್ ಹೌದೋ ಅಲ್ಲವೋ, ಎಲ್ಲ ಬರುತ್ತದೆ. ವಿಂಡೋಸ್ 10ರಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ. ಹಳೆಯ ತುಂಗಾ ಬೇಕೆಂದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಹಾಕಿಕೊಳ್ಳಬೇಕು. ಇಡೀ ಫೈಲು ವಿಚಿತ್ರ ಇಂಗ್ಲಿಷ್ ಚಿಹ್ನೆಗಳಾಗಿ ಕಂಡರೆ ಫಾಂಟಿನ ತಪ್ಪಲ್ಲ. ಬಹುಪಾಲು ಅದು ಡಿಟಿಪಿ ಅಂಗಡಿಯಿಂದ ಬಂದ, ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫೈಲು. ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಓದಲಾಗದು, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಅಳಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. 'ಲಕ್ಷ್ಮಿ'ಯಲ್ಲಿ ಕಣ್ಣಿಗೆ ಎರಡೇ ಅಕ್ಷರ. ಆದರೆ ಆ 'ಕ್ಷ್ಮಿ'ಯೊಳಗೆ ಕ, ವಿರಾಮ (ವ್ಯಂಜನದ ಸ್ವರ ಕಳೆಯುವ ಚಿಹ್ನೆ), ಷ, ವಿರಾಮ, ಮ, ಗುಡಿಸು ಎಂದು ಆರು ಯೂನಿಕೋಡ್ ಬಿಂದುಗಳಿವೆ. ಬ್ಯಾಕ್‌ಸ್ಪೇಸ್ ಒಂದೊಂದನ್ನೇ ಕಳಚುತ್ತದೆ, ಬರೀ ಗುಡಿಸು ತೆಗೆಯಲು ಅದೇ ಅನುಕೂಲ. ಹೊಸ ಆವೃತ್ತಿಗಳಲ್ಲಿ ಡಿಲೀಟ್ ಕೀ ಇಡೀ ಗೊಂಚಲನ್ನೇ ನುಂಗುತ್ತದೆ. ಇನ್ನು, ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ. ತಿಪಟೂರು ಕೊಬ್ಬರಿ, ಗುಬ್ಬಿ ಅಡಿಕೆ ಎಂದು ಧಾರಣೆಯ ಪಟ್ಟಿ ಬರೆದು ಸ್ಪೇಸ್ ಕೊಟ್ಟು ಸಾಲು ಕೂರಿಸಲು ಹೋದರೆ ಸಂಜೆಯಾದರೂ ಕೂರುವುದಿಲ್ಲ. ಕಾಮಾ ಹಾಕಿ ಬರೆದು ಸ್ಪ್ರೆಡ್‌ಶೀಟಿಗೆ ಕೊಡಿ.

ಸಾಲಿನ ಕೊನೆಯ ಜಗಳ ಹಳೆಯದು. ಯೂನಿಕ್ಸ್ ಸಾಲಿನ ಕೊನೆಗೆ ಒಂದು ಗುರುತು, ವಿಂಡೋಸ್‌ನದಕ್ಕೆ ಎರಡು. ಈಮ್ಯಾಕ್ಸ್ ಕಿಟಕಿಯ ಬುಡದ ಪಟ್ಟಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಕಂಡರೆ ವಿಂಡೋಸ್ ಶೈಲಿ, 'ಯೂನಿಕ್ಸ್' ಎಂದು ಆವರಣದಲ್ಲಿ ಕಂಡರೆ ಇನ್ನೊಂದು. ಶೆಲ್ ಸ್ಕ್ರಿಪ್ಟನ್ನು ವಿಂಡೋಸ್ ಶೈಲಿಯಲ್ಲಿ ಉಳಿಸಿ ಲ್ಯಾಬಿಗೆ ಒಯ್ದರೆ 'ಬ್ಯಾಡ್ ಇಂಟರ್‌ಪ್ರಿಟರ್' ಎಂದು ಬೈಸಿಕೊಳ್ಳುತ್ತೀರಿ. ಕಂಟ್ರೋಲ್-ಎಕ್ಸ್, ರಿಟರ್ನ್, ಎಫ್ ಒತ್ತಿ 'ಯುಟಿಎಫ್-8-ಯೂನಿಕ್ಸ್' ಕೊಟ್ಟು ಸೇವ್ ಮಾಡಿ. ಫೈಲಿನಲ್ಲಿ ಒಂದೇ ಒಂದು ಸಾಲು ಯೂನಿಕ್ಸ್ ಶೈಲಿಯದಾದರೂ ಈಮ್ಯಾಕ್ಸ್ ಇಡೀ ಫೈಲನ್ನು ಹಾಗೇ ಓದುತ್ತದೆ, ಮಿಕ್ಕೆಲ್ಲ ಸಾಲಿನ ಕೊನೆಗೆ ಕೊಂಬು ಹೊತ್ತ ಎಂ (^M) ಕೂರುತ್ತದೆ. ಆಗ ಕಂಟ್ರೋಲ್-ಎಕ್ಸ್, ರಿಟರ್ನ್, ಆರ್ ಒತ್ತಿ 'ಯುಟಿಎಫ್-8-ಡಾಸ್' ಎಂದು ಮತ್ತೆ ಓದಿಸಿ.

ಯೂನಿಕ್ಸ್‌ನ ಫೈಂಡ್ ಪ್ರೋಗ್ರಾಂ ನೆಚ್ಚಿದ ಈಮ್ಯಾಕ್ಸ್‌ನ ಹುಡುಕುವ ಕಮಾಂಡುಗಳು 'ಪ್ಯಾರಾಮೀಟರ್ ಫಾರ್ಮ್ಯಾಟ್ ನಾಟ್ ಕರೆಕ್ಟ್' ಎಂದರೆ ತಪ್ಪು ನಿಮ್ಮದಲ್ಲ. ವಿಂಡೋಸ್‌ನಲ್ಲೂ ಫೈಂಡ್ ಎಂಬ ಪ್ರೋಗ್ರಾಂ ಇದೆ, ಹೆಸರು ಒಂದೇ, ಕೆಲಸ ಬೇರೆ: ಅದು ಫೈಲು ಹುಡುಕುವುದಿಲ್ಲ, ಫೈಲಿನೊಳಗಿನ ಪದ ಹುಡುಕುತ್ತದೆ. ಈಮ್ಯಾಕ್ಸ್‌ನ ಫೈಂಡ್-ಪ್ರೋಗ್ರಾಂ ಎಂಬ ವೇರಿಯಬಲ್‌ಗೆ ಗಿಟ್ ಜೊತೆ ಬಂದ ಫೈಂಡ್‌ನ ಪೂರ್ತಿ ದಾರಿ ಕೊಡಿ, ಗಿಟ್ ಫೋಲ್ಡರಿನ ಯುಎಸ್‌ಆರ್ (usr), ಅದರೊಳಗಿನ ಬಿನ್‌ನಲ್ಲಿ ಅದು ಸಿಗುತ್ತದೆ.

ಇಷ್ಟೆಲ್ಲ ಏಕೆ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಹಾಕಿ ಲಿನಕ್ಸ್ ಈಮ್ಯಾಕ್ಸನ್ನೇ ಓಡಿಸಿದರೆ? ವಿಂಡೋಸ್ 11ರಲ್ಲಿ ಅದರ ಕಿಟಕಿ ನೇರವಾಗಿ ತೆರೆದುಕೊಳ್ಳುತ್ತದೆ. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿಗೆ ಮಾತ್ರ ಆ ಸಾಹಸ ಬೇಡ, 8 ಇದ್ದರೆ ನೋಡಬಹುದು. ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇರಬೇಕು. ಫೈಲುಗಳನ್ನು ಲಿನಕ್ಸ್ ಕಡೆಯ ಹೋಮ್‌ನಲ್ಲೇ ಇಡಿ, ಸಿ ಡ್ರೈವಿನಿಂದ ಓದಿಸಿದರೆ ಆಮೆ ನಡಿಗೆ. ವಿಂಡೋಸ್ ಫಾಂಟುಗಳು ಅದಕ್ಕೆ ತಾವಾಗಿ ಸಿಗುವುದಿಲ್ಲ, ಕನ್ನಡವೆಲ್ಲ ಡಬ್ಬಿಯಾಗಿಯೇ ಬರುತ್ತದೆ. ಉಬುಂಟು ಲಿನಕ್ಸ್‌ನ ಪ್ಯಾಕೇಜ್ ಭಂಡಾರದಲ್ಲಿ ನವಿಲು ಎಂಬ ಕನ್ನಡ ಫಾಂಟ್ ಇದೆ, ಗುಬ್ಬಿ ಎಂಬುದೂ ಇದೆ. ಪಕ್ಕದ ತಾಲ್ಲೂಕಿನ ಹೆಸರಿನದೆಂಬ ಅಭಿಮಾನಕ್ಕಾದರೂ ಎರಡನೆಯದನ್ನು ಹಾಕಿ, ಈಮ್ಯಾಕ್ಸ್ ಮುಚ್ಚಿ ತೆರೆದರೆ ಡಬ್ಬಿಗಳು ಹೋಗುತ್ತವೆ.