ಸೃಷ್ಟಿಯ ಆರು ದಿನ, ಮೂರನೇ ಎರಡರಷ್ಟು ಬಹುಮತ

ವಿಜ್ಞಾನ ಎದುರು ನಿಂತಾಗ, ಕಾಲದ ಜೊತೆ ಮತವನ್ನು ಹೊಂದಿಸಲು ಹೊರಟ ಉದಾರವಾದಿ ಕ್ರೈಸ್ತರಲ್ಲಿ ಹಲವರು ಮೊದಲು ಹಿಡಿದದ್ದು ಗ್ರಂಥಕ್ಕೂ ಶೋಧನೆಗೂ ತಾಳೆ ಹಾಕುವ ದಾರಿ. ಭೂಮಿಯ ವಯಸ್ಸು ಆರು ಸಾವಿರ ವರ್ಷವಲ್ಲ ಎಂದು ಭೂವಿಜ್ಞಾನಿಗಳು ಹೇಳಿದ ಮೇಲೆ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿಕಥೆಯ ಒಂದೊಂದು ದಿನವೂ ಒಂದೊಂದು ಯುಗ ಎಂದರು. ಆದರೆ ಅಲ್ಲಿ ಗಿಡಮರ ಹುಟ್ಟುವುದು ಮೂರನೆಯ ದಿನ, ಸೂರ್ಯ ನಾಲ್ಕನೆಯ ದಿನ. ಹಕ್ಕಿಗಳು ಐದನೆಯ ದಿನ, ನೆಲದ ಮೃಗಗಳು ಆರನೆಯ ದಿನ. ದಿನವನ್ನು ಎಷ್ಟು ಹಿಗ್ಗಿಸಿದರೂ ಕ್ರಮ ಕೂಡುವುದಿಲ್ಲ. ‘ಇದೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು’ ಎಂದು ಯಾವ ಮತದವರು ಹೇಳಿದರೂ ಪಾಡು ಇಷ್ಟೇ: ವಿಜ್ಞಾನ ತನ್ನನ್ನು ತಿದ್ದಿಕೊಂಡಾಗಲೆಲ್ಲ ಗ್ರಂಥದ ಅರ್ಥವನ್ನೂ ತಿದ್ದುತ್ತ ಕೂರಬೇಕು.

ದಕ್ಷಿಣ ಆಫ್ರಿಕಾದ ನಟಾಲಿನ ಬಿಷಪ್ ಜಾನ್ ಕೊಲೆನ್ಸೊ ಈ ತಾಳೆಯ ಆಟವನ್ನೇ ಬಿಟ್ಟರು. ಅವರು ಅಂಕಗಣಿತದ ಪಠ್ಯಪುಸ್ತಕ ಬರೆದಿದ್ದವರು. ಬೈಬಲನ್ನು ಜುಲು ಭಾಷೆಗೆ ತರುವಾಗ, ಜಲಪ್ರಳಯದ ಕಥೆ ನಿಜವೇ ಎಂದು ಜುಲು ಸಹಾಯಕ ಕೇಳಿದ. ಆ ಪ್ರಶ್ನೆಯ ಬೆನ್ನು ಹತ್ತಿದ ಕೊಲೆನ್ಸೊ 1862ರಿಂದ ತಮ್ಮ ಲೆಕ್ಕಗಳನ್ನು ಪ್ರಕಟಿಸತೊಡಗಿದರು. ಬೈಬಲಿನ ಅರಣ್ಯಕಾಂಡದ ಪ್ರಕಾರ ಈಜಿಪ್ಟಿನಿಂದ ಹೊರಟ ಇಸ್ರಾಯೇಲರಲ್ಲಿ ಇಪ್ಪತ್ತು ವರ್ಷ ದಾಟಿದ ಗಂಡಸರು 6,03,550. ಚೊಚ್ಚಲ ಗಂಡುಮಕ್ಕಳು 22,273. ಭಾಗಿಸಿದರೆ ಒಬ್ಬ ಚೊಚ್ಚಲನಿಗೆ 27 ಮಂದಿ ವಯಸ್ಕರು, ಅಂದರೆ ಒಬ್ಬ ತಾಯಿಗೆ ಅಷ್ಟು ಗಂಡುಮಕ್ಕಳು. ಹುಡುಗರನ್ನು ಸೇರಿಸಿದರೆ ಇನ್ನೂ ಹೆಚ್ಚು. ಮೊದಲ ಮಗು ಹೆಣ್ಣಾದ ಮನೆಗಳು, ತೀರಿಹೋದ ಚೊಚ್ಚಲರು ಎಂದು ಏನೆಲ್ಲ ವಿನಾಯಿತಿ ಕೊಟ್ಟರೂ ಯಾವ ಸಮಾಜದಲ್ಲೂ ಕಾಣದ ಸಂಸಾರ ಅದು. ಗ್ರಂಥದಲ್ಲಿ ದೇವರ ಮಾತಿದೆ, ಜನಗಣತಿಯಲ್ಲಿ ಅದನ್ನು ಹುಡುಕಬಾರದು ಎಂಬುದು ಅವರ ನಿಲುವಾಯಿತು. ಕೇಪ್‌ಟೌನಿನ ಬಿಷಪ್ 1863ರಲ್ಲಿ ಅವರನ್ನು ಪದಚ್ಯುತಗೊಳಿಸಿದರು. ಹಾಗೆ ಮಾಡಲು ಅವರಿಗೆ ಅಧಿಕಾರವೇ ಇಲ್ಲವೆಂದು 1865ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಇದೇ ಕೊಲೆನ್ಸೊ, ಹಲವು ಹೆಂಡಿರುಳ್ಳವನಿಗೆ ದೀಕ್ಷಾಸ್ನಾನ ಕೊಡುವ ಮುನ್ನ ಅವರನ್ನು ಬಿಡು ಎನ್ನಬಾರದು, ಅವರೂ ಮಕ್ಕಳೂ ಬೀದಿಪಾಲಾಗುತ್ತಾರೆ ಎಂದೂ ವಾದಿಸಿದ್ದರು.

ವಿಕಾಸವಾದ ಇದಕ್ಕಿಂತ ಸಲೀಸಾಗಿ ಒಳಗೆ ಬಂತು ಎನ್ನಬಹುದು. ದೇವರು ವಸ್ತುಗಳನ್ನು ಒಂದೊಂದಾಗಿ ಮಾಡಲಿಲ್ಲ, ತಾವೇ ರೂಪುಗೊಳ್ಳುವ ಶಕ್ತಿಯನ್ನು ಅವಕ್ಕಿಟ್ಟ ಎಂದು 1884ರ ಉಪನ್ಯಾಸಗಳಲ್ಲಿ ವಾದಿಸಿದ ಫ್ರೆಡರಿಕ್ ಟೆಂಪಲ್ 1896ರಲ್ಲಿ ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಪಾದ್ರಿ ಪದವಿಗೇರಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದರು.

ಅಪಾಯ ಬೇರೆ ಕಡೆಯಿಂದ ಬಂತು. ಕಾಲದ ಜೊತೆ ಹೆಜ್ಜೆ ಹಾಕುವವರು ಕಾಲ ಹಳ್ಳಕ್ಕೆ ಬಿದ್ದಾಗಲೂ ಜೊತೆಗೇ ಇರುತ್ತಾರೆ. ಜರ್ಮನಿಯ ಯುದ್ಧನೀತಿಯನ್ನು ಸಮರ್ಥಿಸಿದ 1914ರ ತೊಂಬತ್ಮೂರು ಮಂದಿ ಜರ್ಮನ್ ವಿದ್ವಾಂಸರು, ಕಲಾವಿದರ ಹೇಳಿಕೆಗೆ ಉದಾರ ದೇವಶಾಸ್ತ್ರದ ದಿಗ್ಗಜ ಅಡಾಲ್ಫ್ ಹಾರ್ನಾಕ್ ಕೂಡ ಸಹಿ ಹಾಕಿದರು. ಅವರ ಶಿಷ್ಯ ಕಾರ್ಲ್ ಬಾರ್ತ್ ಆ ಪಂಥಕ್ಕೇ ಬೆನ್ನು ತಿರುಗಿಸಿದ್ದು ಇದಾದ ಮೇಲೆ.

ಸಾಮಾಜಿಕ ಪ್ರಶ್ನೆಗಳು ತೀರ್ಮಾನವಾದದ್ದು ಮತದಾನದಲ್ಲಿ. ಗರ್ಭನಿರೋಧವನ್ನು 1920ರಲ್ಲಿ ಖಂಡಿಸಿದ್ದ, ಇಂಗ್ಲೆಂಡಿನ ಚರ್ಚಿನ ಪರಂಪರೆಗೆ ಸೇರಿದ ಆಂಗ್ಲಿಕನ್ ಬಿಷಪ್‌ಗಳ ಲ್ಯಾಂಬೆತ್ ಸಮ್ಮೇಳನ, 1930ರಲ್ಲಿ 193–67 ಮತಗಳಿಂದ ಅದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಸ್ತ್ರೀಯರಿಗೆ ಪಾದ್ರಿ ದೀಕ್ಷೆ ಕೊಡಲು ಇಂಗ್ಲೆಂಡಿನ ಚರ್ಚಿನ ಆಡಳಿತ ಸಭೆಯಲ್ಲಿ ಬಿಷಪ್‌ಗಳು, ಪಾದ್ರಿಗಳು, ಸಾಮಾನ್ಯ ಸದಸ್ಯರು ಎಂಬ ಮೂರು ಸದನಗಳಲ್ಲೂ ಮೂರನೇ ಎರಡರಷ್ಟು ಬಹುಮತ ಬೇಕಿತ್ತು. 1992ರಲ್ಲಿ ಪಾದ್ರಿಗಳಾಗಲು ಅನುಮತಿ ದಕ್ಕಿತು. ಸ್ತ್ರೀ ಬಿಷಪ್‌ಗಳ ಮಸೂದೆ 2012ರಲ್ಲಿ ಬಿದ್ದದ್ದು ಬಿಷಪ್‌ಗಳಿಂದಲ್ಲ, ಸಾಮಾನ್ಯ ಸದಸ್ಯರ ಸದನದಲ್ಲಿ: ಪರ 132, ವಿರೋಧ 74, ಆರು ಮತ ಕಡಿಮೆ. ಒಪ್ಪದವರಿಗಾಗಿ ಏರ್ಪಾಟುಗಳನ್ನು ಮತ್ತೆ ಕೂತು ಹೊಸೆದ ಬಳಿಕ 2014ರಲ್ಲಿ ಅದು ಪಾಸಾಯಿತು.