ಪ್ಲಗ್ಗಿಗೆ ಕರೆಂಟು ಬಾರದ ಮಳೆಗಾಲ

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ಇಳಿದರೆ ನಮ್ಮ ತೋಟ ಸಿಗುತ್ತದೆ. ತೋಟದಿಂದ ಮೇಲಿನ ಪದವು, ಅಂದರೆ ಗುಡ್ಡದ ತಲೆಯ ಬಯಲಿಗೆ ಹತ್ತುವ ಮುರಕಲ್ಲಿನ ದಾರಿಯಲ್ಲಿ ಮಳೆಗಾಲ ಹಿಡಿದ ಮೇಲೆ ಜೀಪು ಕೂಡ ಅನುಮಾನಿಸುತ್ತದೆ. ಅಲ್ಲಿ ನಡೆಯುವುದು ನಮ್ಮ ಹಳೆಯ ಡರ್ಟ್ ಬೈಕ್ ಮಾತ್ರ. ಅದು ಕಂಪನಿಯಿಂದ ಡರ್ಟ್ ಬೈಕ್ ಆಗಿಯೇ ಬಂದದ್ದಲ್ಲ. ನೂರು ಸಿಸಿಯ ಟೂ-ಸ್ಟ್ರೋಕ್ ಬೈಕಿಗೆ ತಮ್ಮ ತನ್ನ ಕಾಲೇಜು ದಿನಗಳಲ್ಲಿ ಮಡ್‌ಗಾರ್ಡ್ ಎತ್ತರಿಸಿ, ದಪ್ಪ ಹಲ್ಲುಗಳ ಟಯರು ತೊಡಿಸಿ, ಸೈಲೆನ್ಸರನ್ನು ಮೇಲಕ್ಕೆ ಕಟ್ಟಿ ರೇಸಿನ ಆಸೆ ತೀರಿಸಿಕೊಂಡಿದ್ದ. ಅವನು ಊರು ಬಿಟ್ಟ ಮೇಲೆ ಅದು ಗೊಬ್ಬರ, ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣದ ಚೀಲಗಳನ್ನು ಹೊರುವ ಬೈಕಾಯಿತು.

ಈ ಬಾರಿ ಅಡಿಕೆಗೆ ಮೊದಲ ಮದ್ದು ಬಿಡುವ ಹೊತ್ತಿಗೆ ಸರಿಯಾಗಿ ಅದು ಕೈಕೊಟ್ಟಿತು. ಕಿಕ್ಕರನ್ನು ಎಷ್ಟು ತುಳಿದರೂ ಒಂದು ಕೆಮ್ಮು ಕೂಡ ಇಲ್ಲ. ಪೇಟೆಯ ಗ್ಯಾರೇಜಿನವರು ಬಂದು ನೋಡಿ, ಎರಡು ನಿಮಿಷದಲ್ಲಿ "ಸಿಡಿಐ ಹೋಗಿದೆ, ಬೇರೆ ಹಾಕಬೇಕು" ಎಂದರು. ಸಿಡಿಐ ಎಂಬುದು ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ, ಮುಚ್ಚಿದ ಪೆಟ್ಟಿಗೆ. ಅದನ್ನು ಬಿಚ್ಚಿ ನೋಡಲಾಗದು, ಸಾಮಾನ್ಯ ಮೀಟರಿನಲ್ಲಿ ಅಳೆಯಲೂ ಆಗದು. ಆದ್ದರಿಂದಲೇ ಗೊತ್ತಾಗದ ತೊಂದರೆಗಳೆಲ್ಲ ಅದರ ತಲೆಗೆ ಬರುತ್ತವೆ ಎಂಬುದು ನನ್ನ ಗುಮಾನಿ. ಅಳೆಯಲು ಬರುವುದನ್ನೆಲ್ಲ ಮೊದಲು ಅಳೆದು ಮುಗಿಸೋಣ, ಪೆಟ್ಟಿಗೆಯನ್ನು ಕೊನೆಗೆ ನೋಡೋಣ ಎಂದು ನಿರ್ಧರಿಸಿ ಬೈಕನ್ನು ಅಂಗಳದ ಚಪ್ಪರದಡಿಗೆ ತಳ್ಳಿಕೊಂಡು ಬಂದೆ.

ಪ್ಲಗ್ ಬಿಚ್ಚಿದಾಗ ಅದರ ತುದಿ ಪೆಟ್ರೋಲಿನಲ್ಲಿ ತೊಯ್ದಿತ್ತು. ಅಂದರೆ ಕಾರ್ಬೊರೇಟರ್ ತನ್ನ ಕೆಲಸ ಮಾಡುತ್ತಿದೆ, ಉರಿಸುವ ಕಿಡಿ ಮಾತ್ರ ಇಲ್ಲ. ರಜೆಗೆ ಬಂದಿದ್ದ ಸೋದರಳಿಯ "ಮಾವ, ಪ್ಲಗ್ ಹೊಸತು ಹಾಕಿದರೆ ಆಯಿತಲ್ಲ" ಎಂದ. ಹಾಕಿಯೂ ನೋಡಿದೆವು. ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ಗಟ್ಟಿಯಾಗಿ ತಾಗಿಸಿಟ್ಟು ಕಿಕ್ಕರ್ ತುಳಿದರೆ, ಕತ್ತಲಲ್ಲಿಯೂ ಏನೂ ಕಾಣಿಸಲಿಲ್ಲ. ಈ ಪರೀಕ್ಷೆಯಲ್ಲಿ ಎರಡು ಎಚ್ಚರ ಬೇಕು. ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುವುದರಿಂದ ಕಿಡಿ ಹಾರುವ ಜಾಗ ಅದರಿಂದ ದೂರವಿರಬೇಕು. ಮತ್ತು ಪ್ಲಗ್ ಎಲ್ಲಿಯೂ ತಾಗದೆ ಗಾಳಿಯಲ್ಲಿ ತೂಗುತ್ತಿರುವಾಗ ಕಿಕ್ಕರ್ ತುಳಿಯಬಾರದು, ಏಕೆಂದರೆ ಹೊರಗೆ ದಾರಿ ಕಾಣದ ಆ ಸಾವಿರಾರು ವೋಲ್ಟಿನ ವಿದ್ಯುತ್ತು ಕಾಯಿಲಿನ ಒಳಗಿನ ನಿರೋಧಕವನ್ನೇ ಸೀಳಿಕೊಂಡು ಹೋಗಬಹುದು.

ಈ ಜಾತಿಯ ಬೈಕುಗಳಲ್ಲಿ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಮ್ಯಾಗ್ನೆಟ್ ತಿರುಗುವಾಗ ಅದರ ಒಳಗಿನ ಒಂದು ಕಾಯಿಲ್ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸಿಡಿಐ ಪೆಟ್ಟಿಗೆಯ ಕೆಪಾಸಿಟರ್ ಅದನ್ನು ಕೆಲವು ನೂರು ವೋಲ್ಟಿನಷ್ಟು ತುಂಬಿಸಿಟ್ಟುಕೊಳ್ಳುತ್ತದೆ. ಪಲ್ಸರ್ ಎಂಬ ಇನ್ನೊಂದು ಸಣ್ಣ ಕಾಯಿಲ್ ಸನ್ನೆ ಕೊಟ್ಟ ಕ್ಷಣ ಅದೆಲ್ಲವೂ ಒಮ್ಮೆಲೇ ಟ್ಯಾಂಕಿನಡಿಯ ಇಗ್ನಿಷನ್ ಕಾಯಿಲಿಗೆ ಸುರಿದು, ಅಲ್ಲಿಂದ ಹಲವು ಪಟ್ಟು ಹೆಚ್ಚಿದ ವೋಲ್ಟೇಜಿನಲ್ಲಿ ಪ್ಲಗ್ಗನ್ನು ತಲುಪುತ್ತದೆ. ಇಂಜಿನನ್ನು ನಿಲ್ಲಿಸುವ ಸ್ವಿಚ್ಚು ಮಾಡುವುದು ಇಷ್ಟೇ: ಮ್ಯಾಗ್ನೆಟ್ ಕಡೆಯ ವಿದ್ಯುತ್ತನ್ನು ಚಾಸಿಗೆ, ಅಂದರೆ ಬೈಕಿನ ಕಬ್ಬಿಣದ ಚೌಕಟ್ಟಿಗೆ ತಾಗಿಸಿಬಿಡುತ್ತದೆ. ಹಾಗಾಗಿ ಆ ಸ್ವಿಚ್ಚಿನ ವೈರು ಎಲ್ಲಾದರೂ ಸಿಪ್ಪೆ ಸುಲಿದು ಚಾಸಿಗೆ ತಾಗಿದರೂ ಬೈಕ್ ಸತ್ತಂತೆಯೇ. ಜಪಾನೀ ಮಾದರಿಯ ಬೈಕುಗಳಲ್ಲಿ ಇದು ಹೆಚ್ಚಾಗಿ ಬಿಳಿ ಗೆರೆಯಿರುವ ಕಪ್ಪು ವೈರು. ಅದನ್ನು ಕನೆಕ್ಟರಿನಿಂದ ಎಳೆದು ಬೇರ್ಪಡಿಸಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ, ಖರ್ಚೂ ಇಲ್ಲ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದು. ನಮ್ಮ ಬೈಕಿನಲ್ಲಿ ಅದರಿಂದ ವ್ಯತ್ಯಾಸವಾಗಲಿಲ್ಲ.

ಮುಂದೆ ಪ್ಲಗ್ ಕ್ಯಾಪ್. ಅದನ್ನು ದಪ್ಪ ವೈರಿನಿಂದ ತಿರುಪಿ ತೆಗೆದಾಗ ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದವು. ಕ್ಯಾಪಿನೊಳಗೆ ರೇಡಿಯೋ ಗದ್ದಲವನ್ನು ತಡೆಯಲು ಸಾಮಾನ್ಯವಾಗಿ 5 ಕಿಲೋ ಓಮ್‌ನ ರೆಸಿಸ್ಟರ್ ಇರುತ್ತದೆ. ನಮ್ಮದು 20ಕ್ಕೂ ಮೇಲೆ ತೋರಿಸಿತು. ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಕ್ಯಾಪಿಲ್ಲದೆಯೇ ರೆಕ್ಕೆಯ ಹತ್ತಿರ ಹಿಡಿಸಿ ತುಳಿದಾಗ ಕೆಂಪಗಿನ, ನಿತ್ರಾಣದ ಒಂದು ಕಿಡಿ ಹಾರಿತು. ಅಷ್ಟು ಸಾಕಾಯಿತು. ಪೆಟ್ಟಿಗೆ ಪೂರ್ತಿ ಸತ್ತಿದ್ದರೆ ಆ ಕಿಡಿಯೂ ಬರುತ್ತಿರಲಿಲ್ಲ.

ಮ್ಯಾಗ್ನೆಟ್ಟಿನ ಎರಡು ಕಾಯಿಲುಗಳನ್ನು ಕವರ್ ತೆಗೆಯದೆ, ಟ್ಯಾಂಕಿನಡಿಯ ಕನೆಕ್ಟರಿನಲ್ಲಿಯೇ ಅಳೆದೆ. ಎರಡೂ ಕೆಲವು ನೂರು ಓಮ್‌ಗಳಲ್ಲಿ ಸ್ಥಿರವಾಗಿದ್ದವು. ಬಳಿಕ ಮೀಟರಿನ ಒಂದು ಕಡ್ಡಿಯನ್ನು ಇಗ್ನಿಷನ್ ಕಾಯಿಲಿನ ಕಬ್ಬಿಣದ ಮೈಗೂ ಇನ್ನೊಂದನ್ನು ಇಂಜಿನ್ನಿಗೂ ತಾಗಿಸಿದೆ. ಇಲ್ಲಿ ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಸುಮಾರು 40 ಓಮ್ ಇತ್ತು. ಹ್ಯಾಂಡಲ್ ಅಲುಗಿಸಿದರೆ ಇನ್ನೂ ಏರಿಳಿತ. ಕಾಯಿಲಿನ ಪ್ರೈಮರಿ (ಸಿಡಿಐ ಕಡೆಯ) ಸುತ್ತೇ ಒಂದು ಓಮ್‌ಗಿಂತ ಕಡಿಮೆ ಇರುವಾಗ ಅದರ ಮರಳುವ ದಾರಿಯಲ್ಲಿ 40 ಓಮ್ ಅಡ್ಡ ನಿಂತರೆ ಕಿಡಿಗೆ ಉಳಿಯುವುದೇನು? ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಅರ್ತ್ ಸಿಗುತ್ತಿರಲಿಲ್ಲ.

ಬೋಲ್ಟ್ ಬಿಚ್ಚಿದಾಗ ಕಾರಣವೂ ಕಂಡಿತು. ಬುಡದಲ್ಲಿ ತುಕ್ಕು, ಅದರ ಮೇಲೆ ಹಸಿರು-ನೀಲಿ ಹುಡಿ. ನಾವು ವರ್ಷಗಳ ಕಾಲ ಮೈಲುತುತ್ತಿನ ಚೀಲವನ್ನು ಟ್ಯಾಂಕಿನ ಮೇಲೆ ಅಡ್ಡ ಇಟ್ಟುಕೊಂಡು ಮಳೆಯಲ್ಲಿ ಪದವು ಹತ್ತಿಸಿದ್ದೇವೆ. ಚೀಲದಿಂದ ಸೋರಿದ ನೀರು ಟ್ಯಾಂಕಿನಡಿಗೆ ಇಳಿಯುತ್ತಿತ್ತು. ಮೈಲುತುತ್ತಿನ ನೀರು ಕಬ್ಬಿಣವನ್ನು ತಿಂದು ತನ್ನ ತಾಮ್ರವನ್ನು ಅಲ್ಲಿ ಬಿಡುತ್ತದೆ ಎಂಬುದು ಶಾಲೆಯಲ್ಲಿ ಮೊಳೆ ಮುಳುಗಿಸಿ ನೋಡಿದವರಿಗೆಲ್ಲ ಗೊತ್ತು. ಆ ಪ್ರಯೋಗ ನನ್ನ ಬೈಕಿನಲ್ಲಿಯೇ ನಡೆಯುತ್ತಿದೆ ಎಂದು ನನಗೆ ಹೊಳೆದಿರಲಿಲ್ಲ. ಮದ್ದಿಗಾಗಿ ಮೈಲುತುತ್ತನ್ನು ಸುಣ್ಣದೊಂದಿಗೆ ಕಲಸುವುದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಕಬ್ಬಿಣದ ಪಾತ್ರೆಯಲ್ಲಿ ಕೂಡದು ಎಂದು ಕೆಲಸದವರಿಗೆ ಪ್ರತಿವರ್ಷ ಹೇಳುವವನೂ ನಾನೇ.

ಉಪ್ಪುಕಾಗದದಿಂದ ಬೋಲ್ಟಿನ ಜಾಗವನ್ನು ಬೆಳ್ಳಗಾಗುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಕಾಯಿಲಿನ ಬೋಲ್ಟಿನಿಂದ ಇಂಜಿನ್ನಿಗೆ ಪ್ರತ್ಯೇಕ ವೈರೊಂದನ್ನು ಎಳೆದೆ. ಹೊಸ ಕ್ಯಾಪ್ ಹಾಕಿ ತುಳಿದಾಗ ಚಟಚಟ ಸದ್ದಿನೊಂದಿಗೆ ನೀಲಿ ಕಿಡಿ ಬಂತು. ಪ್ಲಗ್ ಕೂರಿಸಿದ ಮೇಲೆ ಎರಡನೆಯ ತುಳಿತಕ್ಕೆ ಇಂಜಿನ್ ಎದ್ದಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಪದವಿನ ಅರ್ಧ ಏರಿನಲ್ಲಿ, ಹೊರಟು ಇಪ್ಪತ್ತು ನಿಮಿಷ ಆಗುವಾಗ, ಗಾಡಿ ಮತ್ತೆ ನಿಂತಿತು. ಅರ್ಧ ಗಂಟೆ ಬಿಟ್ಟು ತುಳಿದರೆ ಏನೂ ಆಗದಂತೆ ಸ್ಟಾರ್ಟ್! ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ಕೈಕೊಡುವ ಈ ರೋಗವನ್ನು ಗ್ಯಾರೇಜಿನಲ್ಲಿ ಹಿಡಿಯುವುದು ಕಷ್ಟ, ಏಕೆಂದರೆ ಅಲ್ಲಿಗೆ ಮುಟ್ಟುವಾಗ ಎಲ್ಲವೂ ತಣಿದಿರುತ್ತದೆ. ನಾನು ಕಾಯಿಲನ್ನು ಬಿಚ್ಚಿ ತಂದು ಸೆಕೆಂಡರಿಯನ್ನು, ಅಂದರೆ ಪ್ಲಗ್ಗಿನ ಕಡೆಯ ಸುತ್ತನ್ನು ಅಳೆದೆ: 6 ಕಿಲೋ ಓಮ್, ತಕರಾರಿಲ್ಲ. ಆಮೇಲೆ ತಂಗಿಯ ಹೇರ್ ಡ್ರೈಯರ್ ಹಿಡಿದು ಹತ್ತು ನಿಮಿಷ ಕಾಯಿಸುತ್ತ ಮೀಟರನ್ನೇ ನೋಡುತ್ತ ಕುಳಿತೆ. ಅಂಕಿ ಮೆಲ್ಲನೆ ಏರಿತು. ತಾಮ್ರ ಬಿಸಿಯಾದರೆ ಅಷ್ಟು ಏರುವುದು ಸಹಜ. ಆದರೆ ಮುಟ್ಟಲಾಗದಷ್ಟು ಬಿಸಿಯಾದಾಗ ಅದು ಇದ್ದಕ್ಕಿದ್ದಂತೆ ಮಾಯವಾಗಿ, ಪರದೆಯ ಎಡಗಡೆಯಲ್ಲಿ ಬರೀ 1 ಉಳಿಯಿತು, ಅಂದರೆ ದಾರಿ ಕಡಿದಿದೆ. ಒಳಗೆ ಕೂದಲೆಳೆಯಂತಹ ತಂತಿ ಎಲ್ಲೋ ತುಂಡಾಗಿ, ತಣ್ಣಗಿರುವಾಗ ಒಂದಕ್ಕೊಂದು ತಾಗಿಕೊಂಡು, ಬಿಸಿಗೆ ಹಿಗ್ಗಿದಾಗ ಅಗಲುತ್ತಿತ್ತು.

ಕಾಯಿಲ್ ಬದಲಿಸಿದ ಮೇಲೆ ಬೈಕ್ ಎರಡನೆಯ ಮದ್ದು ಮುಗಿಯುವ ತನಕ ನಿಲ್ಲಲಿಲ್ಲ. ಹೋಗಿದೆ ಎಂದು ಹೇಳಿದ್ದ ಸಿಡಿಐ ಪೆಟ್ಟಿಗೆಯೇ ಈಗಲೂ ಅದರಲ್ಲಿದೆ. ಕಿಡಿ ನೀಲಿಯಿದ್ದೂ ಇಂಜಿನ್ ಎದ್ದೇಳದೆ ಕಿಕ್ಕರ್ ಹಿಂದಕ್ಕೆ ಒದೆಯುತ್ತಿದ್ದರೆ ಮ್ಯಾಗ್ನೆಟ್ಟನ್ನು ಶಾಫ್ಟಿಗೆ ಕಚ್ಚಿಸಿಡುವ ಸಣ್ಣ ಲೋಹದ ಚಾವಿ ತುಂಡಾಗಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಜಾರಿರುವ ಸಂಭವವಿದೆ. ಅದನ್ನು ನೋಡಲು ಮ್ಯಾಗ್ನೆಟ್ಟನ್ನು ಎಳೆದು ತೆಗೆಯುವ ಪುಲ್ಲರ್ ಬೇಕು, ಸುತ್ತಿಗೆಯಿಂದ ಹೊಡೆದು ತೆಗೆಯಬಾರದು.

ಮೈಲುತುತ್ತಿನ ಚೀಲ ಈಗ ದಪ್ಪ ಪ್ಲಾಸ್ಟಿಕ್ ತೊಟ್ಟೆಯೊಳಗೆ, ಹಿಂದಿನ ಕ್ಯಾರಿಯರಿನಲ್ಲಿ ಹೋಗುತ್ತದೆ. ಹೆಡ್‌ಲೈಟಿನ ಕನೆಕ್ಟರುಗಳಲ್ಲಿಯೂ ಅದೇ ಹಸಿರು ಹುಡಿ ಇರುವುದನ್ನು ಸೋದರಳಿಯ ಮೊನ್ನೆ ತೋರಿಸಿದ್ದಾನೆ. ಮಳೆ ಒಂದು ದಿನ ಬಿಡುವು ಕೊಟ್ಟರೆ ಅದನ್ನೂ ಬಿಚ್ಚಬೇಕು.