ವಿಮರ್ಶಕರಿಗೆ ಪುಸ್ತಕ ಕಳಿಸುವ ಮುಂಚೆ

"ಮೇಡಂ, ನಾನೇ ದುಡ್ಡು ಹಾಕಿ ಪುಸ್ತಕ ಮಾಡಿಸಿದ್ದೇನೆ. ಯಾರಾದರೂ ವಿಮರ್ಶೆ ಬರೆಯುವ ಹಾಗೆ ಏನು ಮಾಡಬೇಕು?"

ಉಡುಪಿಯಲ್ಲಿ ಯಾವ ಪುಸ್ತಕ ಬಿಡುಗಡೆಗೆ ಹೋದರೂ ಒಬ್ಬರಲ್ಲ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. ಪತ್ರಿಕೆಗಳಿಗೆ ಪುಸ್ತಕದ ಬಗ್ಗೆ ಬರೆಯುವವಳು ಅಂತ ಗೊತ್ತಲ್ವಾ, ಕೇಳುವುದು ಸಹಜ. ಕಾಫಿ ಕುಡಿಯುವ ಗಡಿಬಿಡಿಯಲ್ಲಿ ಅರ್ಧ ಹೇಳಿ ಬರುತ್ತೇನೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಂಕೋಚ ಬಿಡಿ. ಸ್ವಂತ ಖರ್ಚಿನ ಪುಸ್ತಕವನ್ನು ವಿಮರ್ಶಕರು ಮುಟ್ಟುವುದಿಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರೆಸ್ ಇಟ್ಟುಕೊಂಡು ತಮ್ಮ ಪುಸ್ತಕಗಳನ್ನು ತಾವೇ ಹೊರತಂದವರು. ಪ್ರಕಾಶಕರ ಹೆಸರು ನೋಡಿ ನಾನು ಪುಸ್ತಕ ಕೆಳಗಿಟ್ಟಿಲ್ಲ. ನನಗಿಂತ ಮುಂಚೆ ಅದನ್ನು ಯಾರೂ ಸರಿಯಾಗಿ ಓದಿಲ್ಲ ಅಂತ ಗೊತ್ತಾದಾಗ ಇಟ್ಟಿದ್ದೇನೆ.

ಒಮ್ಮೆ ಮಲ್ಪೆಯ ಮೀನುಗಾರರ ಬದುಕಿನ ಕಾದಂಬರಿಯೊಂದು ಬಂತು. ಹೊಸ ಲೇಖಕರು, ಒಳ್ಳೆಯ ಭಾಷೆ. ಐವತ್ತು ಪುಟ ಕೂತಲ್ಲೇ ಓದಿದೆ. ಅಷ್ಟರಲ್ಲಿ ಕಥಾನಾಯಕ ಜುಲೈ ತಿಂಗಳಲ್ಲಿ ಟ್ರಾಲ್ ಬೋಟ್ ಹತ್ತಿ ಆಳ ಸಮುದ್ರಕ್ಕೆ ಹೊರಟ. ಕಥೆ ನಡೆಯುವುದು ಈಗಿನ ಕಾಲದಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡಿರುತ್ತವೆ. ಬಲೆ ರಿಪೇರಿ ನಡೆಯುತ್ತಿರುತ್ತದೆ. ಆಗ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಮಲ್ಪೆಯ ಯಾರ ಕೈಗೆ ಕೊಟ್ಟಿದ್ದರೂ ಈ ತಪ್ಪನ್ನು ಒಂದು ನಿಮಿಷದಲ್ಲಿ ಹೇಳುತ್ತಿದ್ದರು. ಆ ಸಾಲಿನ ನಂತರ ನನಗೆ ಪ್ರತಿ ಪುಟದಲ್ಲೂ ಅನುಮಾನ. ಮುಂದೆ ಓದಲು ಆಗಲಿಲ್ಲ. ಬೇಜಾರಾಯಿತು, ಯಾಕೆಂದರೆ ಆ ಐವತ್ತು ಪುಟ ನಿಜವಾಗಿಯೂ ಚೆನ್ನಾಗಿದ್ದವು.

ಹಾಗಾಗಿ ಅಚ್ಚಿಗೆ ಹೋಗುವ ಮೊದಲು ಆ ವಿಷಯ ಗೊತ್ತಿರುವ ಒಬ್ಬರಿಂದ ಓದಿಸಿ. ಕರಡು ತಿದ್ದಲು ಇನ್ನೊಬ್ಬರು ಬೇಕು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಸ್ಕ್ರೀನ್ ಮೇಲೆ ಕಣ್ಣು ಅದನ್ನು ದಾಟಿಬಿಡುತ್ತದೆ. ಪ್ರಿಂಟ್ ತೆಗೆದು, ಪೆನ್ ಹಿಡಿದು ಓದಬೇಕು. ಮುಖಪುಟಕ್ಕೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ತೆಗೆದಿಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಮಾತ್ರ ಯಾರಿಗೂ ದುಡ್ಡು ಕೊಡಬೇಡಿ, ನಮ್ಮ ದೇಶದಲ್ಲಿ ಅದು ಉಚಿತ. ಅದನ್ನು ಕೊಡುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಿನಲ್ಲಿ ನೀವೇ ಅರ್ಜಿ ಹಾಕಬಹುದು.

ಇನ್ನು ಯಾರಿಗೆ ಕಳಿಸುವುದು? ಕಂಡವರಿಗೆಲ್ಲ ಅಲ್ಲ. ಅಂಚೆ ಖರ್ಚೂ ಇದೆ. ನೂರು ಜನರಿಗೆ ಪಿಡಿಎಫ್ ಫಾರ್ವರ್ಡ್ ಮಾಡಿದರೆ ನೂರು ಜನವೂ "ಆಮೇಲೆ ನೋಡೋಣ" ಅಂತ ಬಿಡುತ್ತಾರೆ. ನಿಮ್ಮ ಥರದ ಪುಸ್ತಕದ ಬಗ್ಗೆ ಈಗಾಗಲೇ ಬರೆದಿರುವ ಎಂಟು ಹತ್ತು ಜನರನ್ನು ಹುಡುಕಿ, ಅವರು ಬರೆದದ್ದನ್ನು ಓದಿ. ನನಗೆ ಬಂದ ಪುಸ್ತಕವೊಂದರಲ್ಲಿ ಅರ್ಧ ಹಾಳೆಯ ಕೈಬರಹದ ಪತ್ರ ಇತ್ತು.

"ರಂಪಣಿ ಬಲೆಯ ಬಗ್ಗೆ ನೀವು ಬರೆದದ್ದು ಓದಿದ್ದೆ. ನನ್ನ ಅಜ್ಜ ರಂಪಣಿ ಎಳೆದವರು. ಮೂರನೇ ಅಧ್ಯಾಯದಲ್ಲಿ ಆ ಒಂದು ದಿನ ಇದೆ. ಅಷ್ಟು ಓದಿದರೂ ನನಗೆ ಖುಷಿ."

ಹೊಗಳಿ ಅಂತ ಇಲ್ಲ, ಪ್ರಶಸ್ತಿಗಳ ಪಟ್ಟಿ ಇಲ್ಲ. ಅವತ್ತು ರಾತ್ರಿಯೇ ಮೂರನೇ ಅಧ್ಯಾಯ ತೆಗೆದೆ. ಊರಿಗೆ ಊರೇ ದಡದಲ್ಲಿ ನಿಂತು ಹಗ್ಗ ಎಳೆಯುವುದು, ದೊಡ್ಡ ಬಲೆಯ ಯಾಂತ್ರಿಕ ಪರ್ಸೀನ್ ಬೋಟುಗಳು ಬಂದ ಮೇಲೆ ಆ ಹಗ್ಗ ಚಪ್ಪರದಲ್ಲಿ ಸುಮ್ನೆ ಬಿದ್ದಿರುವುದು, ಎಲ್ಲ ಇತ್ತು. ಭಾನುವಾರದೊಳಗೆ ಪುಸ್ತಕ ಮುಗಿಸಿ ವಿಮರ್ಶೆ ಬರೆದೆ. ಕೊನೆಯ ಅಧ್ಯಾಯ ಎಳೆದ ಹಾಗಿದೆ ಅಂತಲೂ ಬರೆದೆ. ಅವರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು, ಆ ಮಾತಿಗೆ ವಾದ ಮಾಡಲಿಲ್ಲ. ಅವರ ಮುಂದಿನ ಪುಸ್ತಕಕ್ಕೆ ಕಾಯುತ್ತಿದ್ದೇನೆ.

ಪತ್ರಿಕೆಗಳಿಗೆ ಕಳಿಸುವುದಾದರೆ ಎರಡು ಪ್ರತಿ ಕಳಿಸಿ, ಒಂದು ಕಚೇರಿಗೆ, ಒಂದು ಓದುವವರಿಗೆ. ಒಂದೂವರೆ ತಿಂಗಳಾದ ಮೇಲೆ ಒಂದು ಸಲ ನೆನಪಿಸಿ, ಸಾಕು. ದುಡ್ಡು ತೆಗೆದುಕೊಂಡು ವಿಮರ್ಶೆ ಬರೆಯುವವರ ಹತ್ತಿರ ಹೋಗಬೇಡಿ. ಮನೆಯವರಿಂದ ಅಮೆಜಾನಿನಲ್ಲಿ ಐದು ಸ್ಟಾರ್ ಹಾಕಿಸಲೂ ಬೇಡಿ. ಅಮೆಜಾನಿನ ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ.

ಜುಲೈಯಲ್ಲಿ ಬೋಟ್ ಕಳಿಸಿದ ಲೇಖಕರು ಒಂದು ದಿನ ಫೋನ್ ಮಾಡಿದರು. ನಡೆದದ್ದು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಲ್ಪೆಯಲ್ಲಿ ಯಾರಿಗೆ ತೋರಿಸಲಿ ಮೇಡಂ?" ಅಂದರು. ಪರಿಚಯದ ಒಬ್ಬ ತಾಂಡೇಲರ, ಅಂದರೆ ಬೋಟ್ ನಡೆಸುವವರ, ನಂಬರ್ ಕೊಟ್ಟೆ. ಹೋದ ತಿಂಗಳು ಎರಡನೇ ಮುದ್ರಣ ಬಂತು. ಜುಲೈ ಅಕ್ಟೋಬರ್ ಆಗಿದೆ. ತಾಂಡೇಲರು ಹೇಳಿದ ನಾಲ್ಕು ಸಾಲು ಹೊಸದಾಗಿ ಸೇರಿವೆ. ಪುಸ್ತಕ ಈಗ ನನ್ನ ಮೇಜಿನ ಮೇಲಿದೆ, ನಿನ್ನೆ ರಾತ್ರಿ ತೊಂಬತ್ತನೇ ಪುಟ ದಾಟಿದೆ.